ಮುನ್ನೂರಾರು ಒಪ್ಪಿಗೆಗಳು

ನಮ್ಮ ಕಚೇರಿಯಲ್ಲಿ ಅವರಿಗೆ ಇಟ್ಟಿದ್ದ ಹೆಸರು ಭೂತಗನ್ನಡಿ. ಇಟ್ಟವನು ನಾನೇ. ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದೆವು, ಎದುರಿಗೆ ಸಿಕ್ಕರೆ ಅಕ್ಕ ಅನ್ನುತ್ತಿದ್ದೆವು. ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ದುಡಿದ ಆ ಹೆಂಗಸಿನ ಕಥೆ ಇದು. ಹೇಳುತ್ತಿರುವವನು ಒಳ್ಳೆಯವನಿರಬೇಕು ಎಂದುಕೊಂಡು ಓದಲು ಕೂತವರು ಈಗಲೇ ಎದ್ದು ಹೋಗಬಹುದು.

ಅಕ್ಕನ ಕೆಲಸ ಏನೆಂದು ಅವರ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಒಂದೇ ಪುಟಾನ ದಿನಕ್ಕೆ ಒಂಬತ್ತು ಸಲ ನೋಡ್ತಾಳಂತೆ, ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ ಕಣ್ರೀ" ಎಂದು ಆ ಮುದುಕಿ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದರಂತೆ. ಮುದುಕಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ನಾನು ವೆಬ್‌ಸೈಟಿನ ಪುಟ ಕಟ್ಟುವವನು. ಕಟ್ಟಿದ ಪುಟ ನನ್ನ ಪರದೆಯ ಮೇಲೆ ಚೆಂದವಾಗಿಯೇ ಕಾಣುತ್ತದೆ. ಅದನ್ನೇ ಇನ್ನೊಂದು ಬ್ರೌಸರಿನಲ್ಲಿ, ಯಾರದೋ ಹಳೇ ಫೋನಿನಲ್ಲಿ, ಯಾವುದೋ ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಕಡೆ ಸಾಲಿನ ಮೇಲೆ ಸಾಲು ಹತ್ತಿ ಕೂತಿರುತ್ತದೆ, ಇನ್ನೊಂದು ಕಡೆ ಒತ್ತಬೇಕಾದ ಗುಂಡಿಯೇ ನಾಪತ್ತೆ. ಒಂದೊಂದು ಬ್ರೌಸರಿಗೆ ಒಂದೊಂದು ಚಾಳಿ. ಅದನ್ನೆಲ್ಲ ನೋಡಿ, ಎಲ್ಲಿ ಏನು ಕೆಟ್ಟಿದೆ ಎಂದು ನಮ್ಮ ಮುಖಕ್ಕೆ ಹಿಡಿಯುವುದು ಅಕ್ಕನ ಕೆಲಸ.

ನಮ್ಮಿಬ್ಬರ ಮೇಜಿನ ಹಿಂದೆ ಒಂದು ಕಬ್ಬಿಣದ ಕಪಾಟು. ಅದರಲ್ಲಿ ನಾಲ್ಕು ಕಂಪ್ಯೂಟರು, ಐದು ಫೋನು, ಒಟ್ಟು ಒಂಬತ್ತು. ಒಂದೊಂದರಲ್ಲಿ ಒಂದೊಂದು ಬ್ರೌಸರು. ಗಾಜು ಸೀಳಿದ ಒಂದು ಫೋನು ಮಾತ್ರ ಕಚೇರಿಯದಲ್ಲ, ಅಕ್ಕನ ಅತ್ತೆಯದು. ಮುದುಕಿಗೆ ಹೊಸದು ಕೊಡಿಸಿ, ಹಳೆಯದನ್ನು ಕಾಡಿ ಬೇಡಿ ತಂದಿದ್ದರು. "ನಮ್ಮತ್ತೆ ಕೈಯಲ್ಲಿ ಆರು ವರ್ಷ ಬದುಕಿ ಉಳಿದಿರೋ ಫೋನ್ ಕಣೋ ಇದು. ನಿನ್ನ ಪುಟ ಇದರಲ್ಲಿ ಗೆದ್ರೆ ಎಲ್ಲಾ ಕಡೆ ಗೆದ್ದ ಹಾಗೆ" ಎನ್ನುತ್ತಿದ್ದರು. ನನ್ನ ಪುಟ ಅದರಲ್ಲಿ ಗೆದ್ದದ್ದು ಕಡಿಮೆ.

ಕೆಲಸದ ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಪುಟಕ್ಕೂ ಪ್ರತಿ ಬ್ರೌಸರಿನಲ್ಲೂ ಒಂದು ಮೂಲಚಿತ್ರ ಇರುತ್ತದೆ. ಈ ಪುಟ ಇಲ್ಲಿ ಹೀಗೇ ಕಾಣಬೇಕು ಎಂದು ಒಪ್ಪಿ ಇಟ್ಟ ಚಿತ್ರ ಅದು. ನಾವು ಪುಟದಲ್ಲಿ ಏನಾದರೂ ತಿದ್ದಿದ ಕೂಡಲೇ ಒಂದು ಯಂತ್ರ ಹೊಸ ಚಿತ್ರ ತೆಗೆದು ಮೂಲದ ಜೊತೆ ಹೋಲಿಸಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಗುಲಾಬಿ ಬಣ್ಣ ಬಳಿಯುತ್ತದೆ. ಆ ವ್ಯತ್ಯಾಸ ಬೇಕೆಂದೇ ಮಾಡಿದ್ದೋ ಎಡವಟ್ಟೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಮನುಷ್ಯರೊಬ್ಬರು ಕಣ್ಣಿಟ್ಟು ನೋಡಿ ಒಪ್ಪಿಗೆ ಒತ್ತಬೇಕು. ಒತ್ತಿದ ಕ್ಷಣದಿಂದ ಹೊಸದೇ ಮೂಲಚಿತ್ರ. ಕೆಟ್ಟದ್ದನ್ನು ಒಪ್ಪಿದರೆ ಅಲ್ಲಿಂದಾಚೆಗೆ ಕೆಟ್ಟದ್ದೇ ಸರಿ, ಯಂತ್ರ ಮತ್ತೆ ತುಟಿ ಪಿಟಕ್ಕೆನ್ನುವುದಿಲ್ಲ.

ಒಪ್ಪಿಗೆಯ ಗುಂಡಿಯ ಪಕ್ಕದಲ್ಲಿ ಟಿಪ್ಪಣಿಗೆ ಒಂದು ಚಿಕ್ಕ ಜಾಗವಿದೆ. ಬರೆಯಲೇಬೇಕೆಂದಿಲ್ಲ, ಬರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅಕ್ಕ ಬರೆಯುತ್ತಿದ್ದರು. ಪ್ರತಿಯೊಂದಕ್ಕೂ ಒಂದೇ ಮಾತು: "ನೋಡಿದ್ದೇನೆ."

"ಅಕ್ಕ, ಅದನ್ನ ಒಂದ್ಸಲ ಬರೆದು ಎಲ್ಲದಕ್ಕೂ ಅಂಟಿಸಬಹುದಲ್ಲ?" ಎಂದು ಒಮ್ಮೆ ಕೇಳಿದ್ದೆ.

"ಅಂಟಿಸಿದ್ರೆ ನೋಡಿದ ಹಾಗಾಗುತ್ತೇನೋ? ಬರೆಯೋಕೆ ಹೋದಾಗ ಕೈ ಒಂದು ಚೂರು ತಡೆಯುತ್ತೆ. ಆ ತಡೆದಾಗಲೇ ನಿನ್ನ ಅರ್ಧ ತಪ್ಪು ಸಿಗೋದು."

ನಾವು ಬಿದ್ದು ಬಿದ್ದು ನಕ್ಕೆವು. ಆದರೆ ನನಗೆ ಒಳಗೊಳಗೇ ಉರಿಯುತ್ತಿತ್ತು. ಎರಡು ದಿನ ಕೂತು ಕಟ್ಟಿದ ಪುಟವನ್ನು ಈ ಹೆಂಗಸು ಎರಡು ನಿಮಿಷದಲ್ಲಿ ಹಿಂದಕ್ಕೆ ಕಳಿಸುತ್ತಿದ್ದರು, ಅದೂ ಅತ್ತೆಯ ಫೋನಿನಲ್ಲಿ ಒಂದು ಗೆರೆ ಓರೆಯಾಗಿದೆ ಎಂದು. ಮ್ಯಾನೇಜರಿಗಂತೂ ಅವರನ್ನು ಕಂಡರೆ ತಲೆನೋವು. ಆದರೂ ಹನ್ನೊಂದು ವರ್ಷದಲ್ಲಿ ಅಕ್ಕ ಒಪ್ಪಿದ ಪುಟದಿಂದ ಒಂದೇ ಒಂದು ದೂರು ಬಂದಿರಲಿಲ್ಲ. ಆ ಮಾತು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡೂ ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುವ ಸ್ಥಿತಿಗೆ ಬಂದಾಗ ಅಂಗಡಿಗೆ ಬೀಗ ಬಿತ್ತು. ಮಗಳು ಕಾಲೇಜಿನ ಮೊದಲ ವರ್ಷ. ಆ ಮನೆ ನಿಂತಿದ್ದದ್ದು ಅಕ್ಕನ ಕೆಲಸದ ಮೇಲೆ, ಅಕ್ಕನ ಕೆಲಸ ನಿಂತಿದ್ದದ್ದು ಅವರ ನೋಟದ ಮೇಲೆ ಜನ ಇಟ್ಟಿದ್ದ ನಂಬಿಕೆಯ ಮೇಲೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವುದಿಲ್ಲ.

ಗಂಡನ ಮೊದಲ ಕಣ್ಣಿನ ಆಪರೇಷನ್ನಿಗೆಂದು ಅಕ್ಕ ಮೂರು ದಿನ ರಜೆ ಹಾಕಿದರು. ಹೊರಡುವ ಮುಂಚೆ ಒಂದು ಚೀಟಿಯಲ್ಲಿ ತಮ್ಮ ಪಾಸ್‌ವರ್ಡ್ ಬರೆದು ನನ್ನ ಕೀಬೋರ್ಡಿನ ಕೆಳಗೆ ಇಟ್ಟರು. "ತೀರಾ ಅಗತ್ಯ ಬಿದ್ರೆ ತೆಗೆದು ನೋಡು. ನೋಡೋಕೆ ಮಾತ್ರ. ಒಪ್ಪಿಗೆ ಒತ್ತಬೇಡ, ಗುರುವಾರ ಬಂದು ನಾನೇ ಒತ್ತುತ್ತೀನಿ" ಎಂದರು. ಇಷ್ಟು ವರ್ಷದಲ್ಲಿ ಅವರು ಕಚೇರಿಯ ನಿಯಮ ಮುರಿದದ್ದು ಅದೊಂದೇ ಸಲ, ಅದೂ ನನ್ನನ್ನು ನಂಬಿ.

ನಾವು ಆಗ ಒಂದು ದೊಡ್ಡ ಆಸ್ಪತ್ರೆಯ ವೆಬ್‌ಸೈಟು ನೋಡಿಕೊಳ್ಳುತ್ತಿದ್ದೆವು. ಮೂವತ್ತನಾಲ್ಕು ಪುಟ, ಒಂಬತ್ತು ಬ್ರೌಸರು. ಬುಧವಾರ ಸಂಜೆ ಐದಕ್ಕೆ ಹೊಸ ರೂಪ ಹೊರಗೆ ಹೋಗಬೇಕೆಂದು ಮ್ಯಾನೇಜರು ಆಸ್ಪತ್ರೆಯವರಿಗೆ ಮಾತು ಕೊಟ್ಟಿದ್ದರು. ನಾನು ಎಲ್ಲ ಪುಟಗಳ ನೆತ್ತಿಯ ಪಟ್ಟಿಯನ್ನು ಪರದೆಯ ಎರಡು ಚುಕ್ಕಿ, ಅಂದರೆ ಎರಡು ಪಿಕ್ಸೆಲ್ಲಿನಷ್ಟು ದಪ್ಪ ಮಾಡಿದ್ದೆ. ಅಷ್ಟಕ್ಕೇ ಪ್ರತಿ ಪುಟದಲ್ಲೂ ಕೆಳಗಿನದೆಲ್ಲ ಎರಡು ಚುಕ್ಕಿ ಜರುಗಿತು, ಯಂತ್ರ ಮುನ್ನೂರಾರು ಚಿತ್ರಕ್ಕೂ ಅಡಿಯಿಂದ ಮುಡಿಯವರೆಗೆ ಗುಲಾಬಿ ಬಳಿದು ಕೂತಿತು.

ಸಂಜೆ ನಾಲ್ಕೂವರೆಗೆ ಮ್ಯಾನೇಜರು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. "ಏನಯ್ಯಾ, ಆಯ್ತಾ?"

"ಒಪ್ಪಿಗೆ ಆಗ್ಬೇಕು ಸರ್. ಅಕ್ಕ ನಾಳೆ ಬರ್ತಾರೆ."

"ನಾಳೆ ಅಂದ್ರೆ ನಾನು ಅವರಿಗೆ ಏನು ಹೇಳ್ಲಿ? ಹೇಗಾದ್ರೂ ಮಾಡು ಮಾರಾಯ. ಹೇಗೆ ಅಂತ ನನಗೆ ಹೇಳೋಕೂ ಬರಬೇಡ."

ಅವರು ಹೋದರು. ನಾನು ಚೀಟಿ ತೆಗೆದೆ. ಮೊದಲ ಹತ್ತು ಚಿತ್ರ ನೋಡಿದೆ. ಎಲ್ಲದರಲ್ಲೂ ಅದೇ ಎರಡು ಚುಕ್ಕಿ. ಹನ್ನೊಂದನೆಯದಕ್ಕೆ ಬೇಸರ ಬಂತು. ಪರದೆಯ ಮೂಲೆಯಲ್ಲಿ "ಎಲ್ಲವನ್ನೂ ಒಪ್ಪು" ಎಂಬ ಗುಂಡಿ ಇದೆ. ಅಕ್ಕ ಅದನ್ನು ಎಂದೂ ಮುಟ್ಟಿದವರಲ್ಲ. ನಾನು ಒತ್ತಿದೆ. ಮುನ್ನೂರಾರೂ ಒಂದೇ ಉಸಿರಿಗೆ ಹಸಿರಾದವು. ಐದಕ್ಕೆ ಪುಟ ಹೊರಗೆ ಹೋಯಿತು, ಮ್ಯಾನೇಜರು ನನ್ನ ಬೆನ್ನು ತಟ್ಟಿದರು, ನಾನು ಮೆಟ್ಟಿಲಿಳಿಯುತ್ತ ಸಿಳ್ಳೆ ಹಾಕಿದೆ. ಆ ಸಿಳ್ಳೆ ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತದೆ.

ಗುರುವಾರ ಅಕ್ಕ ಬಂದರು. ಪುಟ ಹೋಯಿತೇ ಎಂದು ಕೇಳಿದರು. ಹೋಯಿತು, ಮ್ಯಾನೇಜರು ಏನೋ ವ್ಯವಸ್ಥೆ ಮಾಡಿದರು ಎಂದೆ. ಗಂಡನ ಕಣ್ಣಿಗೆ ಗಂಟೆಗೊಮ್ಮೆ ಹನಿ ಹಾಕಿ ಹಾಕಿ ಅವರಿಗೇ ಕಣ್ಣು ಬಿಡಲಾಗುತ್ತಿರಲಿಲ್ಲ. ಹೆಚ್ಚು ಕೇಳಲಿಲ್ಲ.

ಆ ಮುನ್ನೂರಾರರಲ್ಲಿ ಒಂದು ಚಿತ್ರ ಎರಡು ಚುಕ್ಕಿಯದಲ್ಲ. ಆಪರೇಷನ್ನಿಗೆ ಮುಂಚೆ ರೋಗಿಗಳು ಎಷ್ಟು ಗಂಟೆ ಏನೂ ತಿನ್ನಬಾರದು ಎಂದು ಹೇಳುವ ಪುಟ ಅದು. ಹತ್ತು ಗಂಟೆ ಎಂದಿರಬೇಕು. ಒಂದೇ ಒಂದು ಹಳೆಯ ಬ್ರೌಸರಿನಲ್ಲಿ ಅಂಕಿಯ ಪೆಟ್ಟಿಗೆ ಕಿರಿದಾಗಿ, 10ರಲ್ಲಿನ 1 ಮೇಲಿನ ಸಾಲಿನಲ್ಲೇ ಉಳಿದು, ಸೊನ್ನೆ ಕೆಳಗಿನ ಸಾಲಿಗೆ ಬಿದ್ದು ಪೆಟ್ಟಿಗೆಯ ಅಂಚಿನ ಹಿಂದೆ ಮರೆಯಾಗಿತ್ತು. ಓದುವವರಿಗೆ ಕಾಣುತ್ತಿದ್ದದ್ದು "1 ಗಂಟೆ". ಅದು ಅಕ್ಕನ ಅತ್ತೆಯ ಫೋನಿನಲ್ಲಿದ್ದ ಬ್ರೌಸರೇ. ನನ್ನ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಕಪಾಟಿನಲ್ಲಿತ್ತು.

ಎರಡು ವಾರದ ಮೇಲೆ ಒಬ್ಬ ನಿವೃತ್ತ ಬಸ್ ಡ್ರೈವರು ಬೆಳಿಗ್ಗೆ ಎಂಟಕ್ಕೆ ಹೊಟ್ಟೆ ತುಂಬ ತಿಂಡಿ ತಿಂದು ಹತ್ತಕ್ಕೆ ಆಪರೇಷನ್ ಮೇಜಿನ ಮೇಲೆ ಮಲಗಿದರು. "ವೆಬ್‌ಸೈಟಲ್ಲಿ ಬರೆದಷ್ಟು ಹೊತ್ತು ಏನೂ ತಿಂದಿಲ್ಲ ತಾನೇ?" ಎಂದು ಅಲ್ಲಿನ ಡಾಕ್ಟರು ಕೇಳಿದರಂತೆ. "ಇಲ್ಲಪ್ಪ" ಎಂದರಂತೆ. ಇಬ್ಬರ ಮಾತೂ ಸತ್ಯವೇ. ಅರಿವಳಿಕೆ ಕೊಟ್ಟಾಗ ತಿಂದದ್ದೆಲ್ಲ ಉಕ್ಕಿ ಶ್ವಾಸಕೋಶಕ್ಕೆ ಇಳಿಯಿತು. ಹತ್ತೊಂಬತ್ತು ದಿನ ಉಸಿರಾಟದ ಯಂತ್ರದ ಮೇಲಿದ್ದರು. ಜೀವ ಉಳಿಯಿತು, ಆದರೆ ಎರಡು ಹೆಜ್ಜೆ ಇಟ್ಟರೆ ಏದುಸಿರು. ಅವರ ಮಗಳು ತಂದೆಯ ಹಳೇ ಫೋನಿನಲ್ಲಿ ಆ ಪುಟ ತೆರೆದು ಆಸ್ಪತ್ರೆಯವರ ಮೇಜಿನ ಮೇಲಿಟ್ಟಳು. ಆಸ್ಪತ್ರೆಯವರು ನಮ್ಮ ಕಡೆ ಬೆರಳು ತೋರಿಸಿದರು. ನಮ್ಮವರು ದಾಖಲೆ ತೆಗೆದರು. ದಾಖಲೆಯಲ್ಲಿ ಇದ್ದದ್ದು ಅಕ್ಕನ ಹೆಸರು.

ನಾನು ಅಂದೇ ಪುಟ ಸರಿಮಾಡಿದೆ. ಯಂತ್ರ ಆ ಸರಿಯಾದ ಹತ್ತಕ್ಕೆ ಗುಲಾಬಿ ಬಳಿದು ತಪ್ಪು ಎಂದಿತು.

ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ಮುಖ ಬಿಳಿಚಿಕೊಂಡಿತ್ತು. "ನಿಜ ಹೇಳು. ನೀನು ಒತ್ತಿದ್ಯಾ?"

ಹೌದು ಎಂದೆ.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಆ ಮನುಷ್ಯ ಅಲ್ಲಿ ಉಸಿರಿಗೆ ಒದ್ದಾಡ್ತಿದ್ದಾನಲ್ಲೋ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಕಾಲಿಗೆ ಬೀಳುವುದೊಂದು ಬಾಕಿ. "ಅಕ್ಕ, ಪಾಸ್‌ವರ್ಡ್ ವಿಷಯ ಮಾತ್ರ ಎತ್ತಬೇಡಿ. ಕೊಟ್ಟಿದ್ದಕ್ಕೆ ನೀವು ಹೋಗ್ತೀರ, ಒತ್ತಿದ್ದಕ್ಕೆ ನಾನು ಹೋಗ್ತೀನಿ. ಟಿಪ್ಪಣಿ ಖಾಲಿ ಇದೆಯಲ್ಲ, ಅದನ್ನ ತೋರಿಸಿ. ನೀವು ಬರೆಯದೆ ಒಪ್ಪೋದೇ ಇಲ್ಲ ಅಂತ ನಾನು ಸಾಕ್ಷಿ ಹೇಳ್ತೀನಿ. ಯಂತ್ರದ್ದೇ ಏನೋ ಎಡವಟ್ಟು ಅಂತ ಆಗುತ್ತೆ, ಇಬ್ಬರೂ ಉಳ್ಕೋತೀವಿ."

ಸುಳ್ಳು ಅವರಿಗೆ ಒಗ್ಗುವ ಪದಾರ್ಥವಲ್ಲ. "ಹೇಳ್ತೀಯಲ್ಲ? ಆಮೇಲೆ ಕೈ ಬಿಡಲ್ವಲ್ಲ?" ಎಂದರು.

"ನಿಮ್ಮಾಣೆ ಅಕ್ಕ."

ವಿಚಾರಣೆ ನಡೆದದ್ದು ಎರಡನೇ ಮಹಡಿಯ ಗಾಜಿನ ಕೋಣೆಯಲ್ಲಿ. ಮೇಜಿನ ಆ ಕಡೆ ನಮ್ಮ ಮ್ಯಾನೇಜರು, ಮೇಲಿನ ಕಚೇರಿಯಿಂದ ಬಂದ ಒಬ್ಬ ಅಧಿಕಾರಿ. ಈ ಕಡೆ ಅಕ್ಕ. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ.

"ಬುಧವಾರ ನಾನು ರಜೆಯಲ್ಲಿದ್ದೆ" ಎಂದು ಅಕ್ಕ ಶುರುಮಾಡಿದರು.

"ರಜೆಯಲ್ಲಿದ್ದಾಗಲೂ ನೀವು ಕೆಲಸ ತೆಗೆದು ನೋಡ್ತೀರಮ್ಮ. ಆವತ್ತು ಬೆಳಿಗ್ಗೆ ಕೂಡ ಒಂದ್ಸಲ ಒಳಗೆ ಬಂದಿದ್ದೀರಿ, ಇಲ್ಲಿದೆ" ಎಂದರು ಅಧಿಕಾರಿ. ಅದೂ ನಿಜ. ಕಣ್ಣಿನ ಆಸ್ಪತ್ರೆಯವರು ಗಂಡನನ್ನು ಒಳಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನ ಮೇಲೆ ಕೂತು, ಕೆಲಸ ಎಲ್ಲಿಗೆ ಬಂತೆಂದು ನೋಡಿದ್ದರು.

ಆಗ ಅಕ್ಕ ಟಿಪ್ಪಣಿಯ ಮಾತು ಎತ್ತಿದರು. "ಹನ್ನೊಂದು ವರ್ಷದ್ದು ತೆಗೆದು ನೋಡಿ. ನೋಡಿದ್ದೇನೆ ಅಂತ ಬರೆಯದೆ ನಾನು ಒಂದನ್ನೂ ಒಪ್ಪಿಲ್ಲ. ಈ ಮುನ್ನೂರಾರರಲ್ಲಿ ಒಂದಕ್ಕೂ ಬರೆದಿಲ್ಲ. ಇದು ನಾನು ಒಪ್ಪಿದ್ದಲ್ಲ."

"ಟಿಪ್ಪಣಿ ಕಡ್ಡಾಯ ಅಲ್ಲವಲ್ಲ" ಎಂದರು ಅಧಿಕಾರಿ. ಹನ್ನೊಂದು ವರ್ಷದ್ದನ್ನು ಯಾರು ತೆಗೆದು ನೋಡುತ್ತಾರೆ? ಅವರು ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಕೂರೋರು. ಇವರು ಯಾವಾಗಲೂ ಹಾಗೆ ಬರೀತಾರಾ?"

ಹೌದು ಎಂಬ ಒಂದು ಮಾತು. ಹೌದೆಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು: ಹಾಗಾದರೆ ಒತ್ತಿದವರು ಯಾರು? ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲೇ ಹುಷಾರು ಎಂದರು. ಅವರ ಕುತ್ತಿಗೆಯೂ ಅಲ್ಲೇ ಇತ್ತಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ. ಆಣೆ ಇಟ್ಟವನನ್ನು ಏಕೆ ನೋಡಬೇಕು?

"ಯಾವಾಗಲೂ ಅಂತ ಹೇಳೋಕಾಗಲ್ಲ ಸರ್" ಎಂದೆ.

ಅಕ್ಕ ಆಗ ತಿರುಗಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಹಳೇ ಫೋನನ್ನು ಬೆಳಕಿಗೆ ಹಿಡಿದು ನೋಡುವಾಗ ಕಣ್ಣು ಕಿರಿದು ಮಾಡುತ್ತಿದ್ದರಲ್ಲ, ಹಾಗೆ ನನ್ನನ್ನು ನೋಡಿದರು. ಪಾಸ್‌ವರ್ಡಿನ ಮಾತನ್ನು ಆಗಲೂ ಹೇಳಬಹುದಿತ್ತು. ಹೇಳಿದ್ದರೆ, ಸಿಕ್ಕಿಬಿದ್ದ ಮೇಲೆ ಇನ್ನೊಬ್ಬರ ತಲೆಗೆ ಗೂಬೆ ಕೂರಿಸುತ್ತಿದ್ದಾಳೆ ಎನ್ನುತ್ತಿದ್ದರು. ಅದಕ್ಕೆ ದಾರಿ ಮಾಡಿಟ್ಟವನೂ ನಾನೇ. ಅಕ್ಕನ ಕೆಲಸ ಹೋಯಿತು.

ಕೆಲಸ ಬಿಡುವವರು ಕೊನೆಯ ದಿನ ಒಂದು ಹಾಳೆ ತುಂಬಿಸಬೇಕು. ತಮ್ಮ ವಶದಲ್ಲಿದ್ದ ಸಾಮಾನೆಲ್ಲ ಒಪ್ಪಿಸಿದ್ದಾರೆ ಎಂದು ಒಬ್ಬರು ಸಹಿ ಹಾಕಬೇಕು. ಆ ಒಬ್ಬರು ನಾನಾದೆ. ಕಪಾಟಿನ ಒಂಬತ್ತನ್ನೂ ಅಕ್ಕ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಬೇಗ ಮುಗಿದರೆ ಸಾಕೆಂದು ನಾನು ಒಂಬತ್ತು ಚೌಕಕ್ಕೂ ಒಂದೇ ಸಮನೆ ಗೀಟು ಹಾಕಿದೆ.

"ಆನ್ ಮಾಡಿ ನೋಡು" ಎಂದರು.

"ಪರವಾಗಿಲ್ಲ ಬಿಡಿ ಅಕ್ಕ."

"ಅಕ್ಕ ಗಿಕ್ಕ ಬೇಡ. ಒಂದೊಂದೇ ಆನ್ ಮಾಡಿ ನೋಡು. ನಾಳೆ ಒಂದು ಕೆಟ್ಟಿದ್ರೆ ಅದನ್ನೂ ನನ್ನ ತಲೆಗೇ ಕಟ್ಟುತ್ತೀರಿ."

ಒಂದೊಂದಾಗಿ ಆನ್ ಮಾಡಿದೆ. ಅವರು ಕೈ ಕಟ್ಟಿ ನಿಂತು ನೋಡಿದರು. ಇಡೀ ಕಚೇರಿ ಪರದೆಗಳಲ್ಲಿ ಮುಖ ಹುದುಗಿಸಿತ್ತು. ಸೀಳಿದ ಫೋನು ಎತ್ತಿಕೊಂಡು, "ಇದು ನಮ್ಮತ್ತೇದು, ತಗೊಂಡು ಹೋಗ್ತೀನಿ" ಎಂದರು. ಮ್ಯಾನೇಜರು ಒಳಗಿನಿಂದಲೇ, "ಪಟ್ಟಿಯಲ್ಲಿ ಒಂಬತ್ತಿದೆಯಮ್ಮ, ಒಂಬತ್ತೂ ಇರಬೇಕು" ಎಂದು ಕೂಗಿದರು. ಅಕ್ಕ ಮುದುಕಿಯ ಫೋನನ್ನು ಸಾಲಿನಲ್ಲಿ ಮತ್ತೆ ನೇರವಾಗಿ ಇಟ್ಟು ಹೊರಟುಹೋದರು.

ಅವರ ಕೆಲಸ ನನ್ನ ಪಾಲಿಗೆ ಬಂತು, ಹುದ್ದೆಯೂ ಒಂದು ಮೆಟ್ಟಿಲು ಮೇಲೆ ಹೋಯಿತು. ಬೇಡ ಎನ್ನಲಿಲ್ಲ. ಈಗ ನಾನೂ ಪರದೆ ಮುಂದೆ ಕೂತು ಒಪ್ಪಿಗೆ ಒತ್ತುತ್ತೇನೆ. ಟಿಪ್ಪಣಿಯ ಜಾಗ ಖಾಲಿ ಬಿಡುತ್ತೇನೆ.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಶಾಲಾಪುಸ್ತಕದ ವೆಬ್‌ಸೈಟು ನಡೆಸುವ ಒಂದು ಚಿಕ್ಕ ಕಂಪನಿಯ ಹೆಂಗಸು. ಅಕ್ಕ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರು.

"ಅವರು ನಿಮ್ಮ ಹೆಸರು ಕೊಟ್ಟಿದ್ದಾರೆ. ನನ್ನ ಕೆಲಸ ಪೂರ್ತಿ ಗೊತ್ತಿರೋರು ಇವರೊಬ್ಬರೇ ಅಂದ್ರು. ಹೇಗೆ ಅವರು?"

ನಾನು ಎದ್ದು ಮೆಟ್ಟಿಲ ಹತ್ತಿರ ಬಂದೆ, ಅಕ್ಕ ಕುಸಿದು ಕೂತಿದ್ದ ಅದೇ ಮೆಟ್ಟಿಲು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. "ತುಂಬಾ ಅಚ್ಚುಕಟ್ಟು ಮೇಡಂ. ಅಂಥವರು ಸಿಗಲ್ಲ" ಎಂದೆ.

"ನಮಗೂ ಹಾಗೇ ಅನ್ನಿಸ್ತು. ಕೆಲಸ ಕೊಡೋ ಮನಸ್ಸಿದೆ. ಆ ಆಸ್ಪತ್ರೆ ವಿಷಯ ಒಂದೇ ಅಡ್ಡ ಬರ್ತಿದೆ. ಆ ಮುನ್ನೂರಾರು ಒಪ್ಪಿಗೆ ಅವರು ಕೊಟ್ಟಿದ್ದಲ್ಲ ಅಂತಾರೆ. ಹಾಗಾದ್ರೆ ಯಾರು ಅಂದ್ರೆ ಹೇಳಲ್ಲ, ನಿಮ್ಮನ್ನ ಕೇಳಿ ಅಂತಾರೆ. ನೀವೇ ಹೇಳಿ, ಅವರೇ ಕೊಟ್ಟಿದ್ದಾ?"

ಮ್ಯಾನೇಜರು ಇರಲಿಲ್ಲ, ಅಧಿಕಾರಿ ಇರಲಿಲ್ಲ. ಅಲ್ಲ ಎಂದಿದ್ದರೆ ಸಾಕಿತ್ತು. ಯಾರು ಎಂದು ಆಕೆ ಕೇಳಬಹುದಿತ್ತು, ಕೇಳದೆಯೂ ಇರಬಹುದಿತ್ತು. ಆದರೆ ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ, ನಮ್ಮವರ ಕಿವಿಗೂ ಬೀಳುತ್ತದೆ, ಆಗ ನನ್ನ ಗತಿ? ಇಷ್ಟನ್ನೆಲ್ಲ ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು.

"ದಾಖಲೆಯಲ್ಲಿ ಅವರ ಹೆಸರೇ ಇದೆ ಮೇಡಂ. ಅಷ್ಟು ಮಾತ್ರ ನನಗೆ ಗೊತ್ತಿರೋದು."

"ಓ. ಸರಿ, ಬಿಡಿ. ನೀವು ಹೇಳಿದ್ದನ್ನ ಅವರಿಗೆ ತಿಳಿಸಿ, ಆಗಲ್ಲ ಅಂತೀನಿ" ಎಂದು ಆಕೆ ಫೋನಿಟ್ಟರು.

ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಫೋನಿನಲ್ಲಿ ಒಂದು ಸಂದೇಶ ಬಂದಿತ್ತು. ಎಂಟು ತಿಂಗಳಲ್ಲಿ ಅಕ್ಕನಿಂದ ಬಂದ ಮೊದಲ ಸಂದೇಶ. ಬೈಗುಳ ಇರಲಿಲ್ಲ, ಪ್ರಶ್ನೆ ಇರಲಿಲ್ಲ. "ನೋಡಿದ್ದೇನೆ" ಎಂದು ಮಾತ್ರ ಬರೆದಿದ್ದರು.

ನಾನು ಕಚೇರಿಯ ಬಾಗಿಲಲ್ಲಿ ನಿಂತು ಅದನ್ನು ಮತ್ತೆ ಮತ್ತೆ ಓದಿದೆ. ಹಿಂದೆ ಬರುತ್ತಿದ್ದವರು ದಾರಿ ಬಿಡಪ್ಪ ಎಂದರು, ಬಿಟ್ಟೆ.